ಮರದ ತುಂಬ ಹೂ, ಬುಟ್ಟಿಯಲ್ಲಿ ನಾಲ್ಕು ಕಾಯಿ

ಪ್ರಶ್ನೆ: ಹಳೆಯ ತಳಿಯೇ ಬೇಕೆಂದು ಹುಡುಕಿ ತಂದು ಬ್ರಾಮ್ಲಿ ಸೇಬಿನ ಕಸಿಗಿಡ ನೆಟ್ಟು ಏಳು ವರ್ಷವಾಯಿತು. ಪ್ರತಿ ವಸಂತದಲ್ಲೂ ಮರ ತುಂಬ ಹೂ ಬಿಡುತ್ತದೆ, ಕಾಯಿ ಮಾತ್ರ ನಾಲ್ಕೋ ಐದೋ. ಸುತ್ತಮುತ್ತ ಬೇರೆ ಸೇಬಿನ ಮರವಿಲ್ಲ. ಜೊತೆಗೆ ಇನ್ನೊಂದು ಬ್ರಾಮ್ಲಿ ನೆಟ್ಟರೆ ಸಾಕೇ?

ಉತ್ತರ: ದಯವಿಟ್ಟು ನೆಡಬೇಡಿ. ಆ ತಪ್ಪನ್ನು ನಾನೇ ಮಾಡಿದ್ದೇನೆ. ಗ್ರೇವೆನ್‌ಸ್ಟೀನ್ ಎಂಬ ತಳಿಯ ಒಂಟಿ ಸೇಬಿನ ಮರಕ್ಕೆ ಜೊತೆಯಾಗಲೆಂದು ಮತ್ತೊಂದು ಗ್ರೇವೆನ್‌ಸ್ಟೀನ್ ತಂದು ನೆಟ್ಟೆ. ಒಂದು ಮರದ ಹೂ ಉದುರುವುದನ್ನು ನೋಡುತ್ತಿದ್ದವನು ಎರಡು ಮರಗಳದ್ದನ್ನು ನೋಡಿದೆ, ಅಷ್ಟೇ.

ಸೇಬು ಸಾಮಾನ್ಯವಾಗಿ ತನ್ನದೇ ತಳಿಯ ಪರಾಗವನ್ನು ಒಪ್ಪುವುದಿಲ್ಲ. ಇಂಗ್ಲೆಂಡಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಹುಡುಗಿಯೊಬ್ಬಳು ಬಿತ್ತಿದ ಬೀಜದಿಂದ ಹುಟ್ಟಿದ್ದು ಒಂದೇ ಮರ. ಇಂದಿನ ಬ್ರಾಮ್ಲಿಗಳೆಲ್ಲ ಕಸಿಯಿಂದ ಕಸಿಗೆ ದಾಟಿ ಬಂದ ಅದರ ಕೊಂಬೆಗಳೇ. ಬೇರು ಬೇರೆ, ಮರ ಅದೇ.

ಇನ್ನೊಂದು ತೊಡಕೂ ಇದೆ. ಸಾಮಾನ್ಯ ಸೇಬಿನ ಜೀವಕೋಶದಲ್ಲಿ 34 ವರ್ಣತಂತುಗಳಿದ್ದರೆ ಬ್ರಾಮ್ಲಿಯಲ್ಲಿ 51. ಎರಡರ ಬದಲು ಮೂರು ಪ್ರತಿಗಳಲ್ಲಿರುವ ಈ ವರ್ಣತಂತುಗಳು ಸರಿಯಾಗಿ ಎರಡು ಪಾಲಾಗುವುದಿಲ್ಲವಾದ್ದರಿಂದ ಪರಾಗ ಹೆಚ್ಚುಕಡಿಮೆ ಬಂಜೆ. ನನ್ನ ಗ್ರೇವೆನ್‌ಸ್ಟೀನ್ ಕೂಡ ಇದೇ ಜಾತಿಯದು: ಪಡೆಯುತ್ತದೆ, ಕೊಡುವುದಿಲ್ಲ. ಹಾಗಾಗಿ ಒಂದೇ ಜೊತೆಗಾರ ಮರ ತಂದರೆ ಬ್ರಾಮ್ಲಿ ಕಾಯಿ ಕಟ್ಟುತ್ತದೆ, ಪಾಪ ಆ ಜೊತೆಗಾರ ಮರ ಬಹುತೇಕ ಬರಿಗೈಯಲ್ಲಿ ಉಳಿಯುತ್ತದೆ. ಅದಕ್ಕೂ ಪರಾಗ ಕೊಡಲು ಇನ್ನೊಂದು ಬೇಕು.

ನನ್ನ ಆಯ್ಕೆ ಜೇಮ್ಸ್ ಗ್ರೀವ್ ಎಂಬ ಸೇಬಿನ ತಳಿ, ಜೊತೆಗೆ ಜಾನ್ ಡೌನಿ ಎಂಬ ಕಾಡುಸೇಬು. ಬ್ರಾಮ್ಲಿ ಅರಳಿರುವಾಗಲೇ ಇವೂ ಅರಳಿರುತ್ತವೆ. ರುಚಿಗೆ ಮನಸೋತು ಕಾಕ್ಸ್ ಆರೆಂಜ್ ಪಿಪಿನ್ ಎಂಬ ಸೇಬು ಬೇಕೆನ್ನಿಸಬಹುದು. ಆದರೆ ಅದಕ್ಕೆ ಕಜ್ಜಿರೋಗ, ಕಾಂಡದ ಹುಣ್ಣು ಎಲ್ಲವೂ ಬೇಗ ಅಂಟುತ್ತವೆ. ಮರಗಳ ನಡುವೆ ಹದಿನೈದು ಮೀಟರಿಗಿಂತ ಹೆಚ್ಚು ಅಂತರ ಬೇಡ. ಹೂವಿರುವಾಗ ಕೀಟನಾಶಕವನ್ನು ಮುಟ್ಟಲೇಬೇಡಿ, ಕೆಲಸ ಮಾಡುವುದು ಜೇನುನೊಣಗಳು.

ಹೊಸ ಗಿಡಗಳು ಹೂ ಬಿಡುವವರೆಗೆ ಒಂದು ಉಪಾಯ: ಬೇರೆ ತಳಿಯ, ಆಗತಾನೇ ಅರಳುತ್ತಿರುವ ಕೊಂಬೆಗಳನ್ನು ಕೇಳಿ ತಂದು, ನೀರಿನ ಬಕೆಟ್ಟಿನಲ್ಲಿಟ್ಟು ನಿಮ್ಮ ಮರಕ್ಕೆ ತೂಗುಹಾಕಿ. ಕುಂಚದಿಂದ ಪರಾಗ ಹಚ್ಚುವುದಾದರೆ ಗೊಂಚಲಿನ ನಡುವಿನ ಹೂವನ್ನೇ ಆರಿಸಿಕೊಳ್ಳಿ. ಮೊದಲು ಅರಳುವುದು ಅದೇ, ದೊಡ್ಡ ಕಾಯಿಯೂ ಅದರದ್ದೇ.

ಜಾಗವಿಲ್ಲದಿದ್ದರೆ ಬ್ರಾಮ್ಲಿಯ ಒಂದು ಕೊಂಬೆಗೇ ಜೇಮ್ಸ್ ಗ್ರೀವ್ ಕಸಿ ಕಟ್ಟಬಹುದು. ಆ ಕೊಂಬೆಗೆ ಗಟ್ಟಿಯಾದ ಗುರುತು ಕಟ್ಟಿಡಿ. ಕಸಿ ಕಟ್ಟಿದ ಮೂರನೆಯ ಚಳಿಗಾಲದಲ್ಲಿ ನನ್ನ ಮರ ಸವರುವಾಗ ನಾನು ಕತ್ತರಿಸಿ ಎಸೆದದ್ದು ಅಂಥ ಕೊಂಬೆಯನ್ನೇ.