ಊರ ಮನೆಯ ಟಿ.ವಿ.ಗೆ ಎರಡನೆಯ ಚಂದಾ ಬೇಕೆ?

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ. ತೀರ್ಥಹಳ್ಳಿಯ ಹತ್ತಿರ ಮಾವನವರ ಹಳೆಯ ಹೆಂಚಿನ ಮನೆಯಿದೆ, ಸುತ್ತಲೂ ಅಡಿಕೆ ತೋಟ. ವರ್ಷಕ್ಕೆ ಎಂಟು–ಹತ್ತು ಸಲ ಹೋಗಿ ನಾಲ್ಕೈದು ದಿನ ಇದ್ದು ಬರುತ್ತೇವೆ. ಬೇಸಿಗೆ ರಜೆಯಲ್ಲಿ ಮಾತ್ರ ಒಂದು ತಿಂಗಳು. ಮಾವನವರಿಗೆ ಕ್ರಿಕೆಟ್ ಮತ್ತು ವಾರ್ತೆ ಬೇಕು, ಅತ್ತೆಯವರಿಗೆ ಸಂಜೆಯ ಧಾರಾವಾಹಿಗಳು ತಪ್ಪಬಾರದು. ಅಲ್ಲಿ ಮೊಬೈಲ್ ಸಿಗ್ನಲ್ ಗೇಟಿನ ಬಳಿ ಹೋದರೆ ಮಾತ್ರ ಸಿಗುತ್ತದೆ. ಬೆಂಗಳೂರಿನ ಮನೆಯಲ್ಲಿ ಡಿಟಿಎಚ್ ಇದೆ. ಊರಿನ ಮನೆಗೆ ಬೇರೆಯೇ ಸಂಪರ್ಕ ತೆಗೆದುಕೊಳ್ಳಬೇಕು, ಎದುರಿನ ಹಲಸಿನ ಮರವನ್ನೂ ಕಡಿಯಬೇಕು ಎಂದು ಡಿಶ್ ಹಾಕುವ ಹುಡುಗ ಹೇಳಿದ್ದಾನೆ. ಎರಡೂ ನಿಜವೇ? – ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡೂ ಅಲ್ಲ, ತಾಯಿ. ಮೊದಲು ಆ ಮರದ ಬುಡಕ್ಕೆ ಕೊಡಲಿ ಬೀಳದಂತೆ ನೋಡಿಕೊಳ್ಳಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ಮೂವತ್ತು ವರ್ಷ ಮಲೆನಾಡಿನಲ್ಲಿ ಟಿ.ವಿ. ರಿಪೇರಿ ಮಾಡಿದವನು ನಾನು. ನಿಮ್ಮದರಂತಹ ಮನೆಗಳ ಮಾಡು ಹತ್ತಿ ಇಳಿದ ಅನುಭವದಿಂದಲೇ ಹೇಳುತ್ತೇನೆ. ಆಗೊಮ್ಮೆ ಈಗೊಮ್ಮೆ ಬಾಗಿಲು ತೆರೆಯುವ ಮನೆಗೆ ತಿಂಗಳ ಚಂದಾದ ಅಗತ್ಯವಿಲ್ಲ. ನಿಮಗೆ ಬೇಕಾದದ್ದು ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು. ತಟ್ಟೆ, ಬಾಕ್ಸ್, ಕೇಬಲ್, ಹಾಕುವ ಕೂಲಿ ಎಲ್ಲ ಸೇರಿ ಸುಮಾರು 2,000 ರೂಪಾಯಿ ಒಂದೇ ಸಲದ ಖರ್ಚು. ಆಮೇಲೆ ರೀಚಾರ್ಜ್ ಇಲ್ಲ. ಆರು ತಿಂಗಳು ಬೀಗ ಹಾಕಿದ್ದು ಬಂದು ಸ್ವಿಚ್ ಒತ್ತಿದರೂ ಚಿತ್ರ ಬರುತ್ತದೆ.

ನಿಮ್ಮ ಮಾವನವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಚಂದನ ಬರುತ್ತದೆ, ಡಿಡಿ ನ್ಯೂಸ್ ಬರುತ್ತದೆ, ಆಕಾಶವಾಣಿಯ ಹಲವು ಕೇಂದ್ರಗಳು ಟಿ.ವಿ.ಯಲ್ಲೇ ಕೇಳಿಸುತ್ತವೆ. ಡಿಡಿ ಸ್ಪೋರ್ಟ್ಸ್‌ನಲ್ಲಿ ಭಾರತ ತಂಡದ ಏಕದಿನ, ಟಿ–20 ಪಂದ್ಯಗಳೂ ಸಿಗುತ್ತವೆ. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು 2007ರಲ್ಲಿ ಕಾಯ್ದೆಯಾಯಿತು. ಹಾಗೆ ಹಂಚಿಕೊಂಡ ಪ್ರಸಾರ ದೂರದರ್ಶನದ ಸ್ವಂತ ಜಾಲದಲ್ಲಷ್ಟೇ ಬರಬೇಕು, ಕೇಬಲ್ ಮತ್ತು ಖಾಸಗಿ ಡಿಟಿಎಚ್‌ಗೆ ಹೋಗಕೂಡದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆದ್ದರಿಂದ ಆ ಪಂದ್ಯಗಳ ಮಟ್ಟಿಗೆ ಹಣ ಕೊಡುವವರಿಗಿಂತ ಫ್ರೀ ಡಿಶ್ ಇರುವವರೇ ಅನುಕೂಲದಲ್ಲಿದ್ದಾರೆ. ಐಪಿಎಲ್ ಮಾತ್ರ ಈ ಲೆಕ್ಕದಲ್ಲಿ ಸೇರಿಲ್ಲ. ಇದನ್ನು ಮಾವನವರಿಗೆ ಮೊದಲೇ ತಿಳಿಸಿಬಿಡಿ.

ಅತ್ತೆಯವರ ವಿಷಯದಲ್ಲಿ ನಾನು ನಿಮಗೆ ಆಸೆ ತೋರಿಸಲಾರೆ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಪಡೆದು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಹಿಂದಿಯವು. ಹರಾಜಿನೊಂದಿಗೆ ಪಟ್ಟಿಯೂ ಬದಲಾಗುತ್ತದೆ. ಅವರು ನೋಡುವ ಕನ್ನಡ ಧಾರಾವಾಹಿಯ ವಾಹಿನಿ ಬರುತ್ತದೆ ಎಂದು ನಂಬಿಕೊಂಡು ಕೊಳ್ಳಬೇಡಿ. ಎಂಬತ್ತರ ಹತ್ತಿರದ ಜೀವ ಸಂಜೆ ಏಳಕ್ಕೆ ಕುರ್ಚಿ ಎಳೆದುಕೊಂಡು ಕೂತು, ಬೇಕಾದದ್ದು ಬಾರದೆ ಎದ್ದು ಒಳಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಸಣ್ಣ ಸಂಗತಿಯಲ್ಲ.

ಅವರಿಗಾಗಿ ಬೇರೆ ದಾರಿಯಿದೆ. ನೀವು ಕಟ್ಟುವ ಚಂದಾ ತಟ್ಟೆಗೆ ಅಂಟಿಕೊಂಡದ್ದಲ್ಲ, ಅದು ಬಾಕ್ಸ್ ಮತ್ತು ಅದರ ಕಾರ್ಡಿಗೆ ಸೇರಿದ್ದು. ಮಾಡಿನ ಮೇಲಿನ ತಟ್ಟೆಗೆ ನೀವು ಯಾರೆಂಬುದು ಗೊತ್ತಿಲ್ಲ. ಮೇಲಿಂದ ಬಂದದ್ದನ್ನು ಒಟ್ಟುಮಾಡಿ ಎದುರಿನ ಎಲ್‌ಎನ್‌ಬಿಗೆ, ಅಂದರೆ ತೋಳಿನ ತುದಿಯಲ್ಲಿ ಕೂತು ಸಂಕೇತ ಹಿಡಿಯುವ ಸಣ್ಣ ಸಾಧನಕ್ಕೆ, ಕೊಡುವುದಷ್ಟೇ ಅದರ ಕೆಲಸ. ಉಪಗ್ರಹದ ಬೆಳಕು ಬೆಂಗಳೂರಿಗೆ ಬಿದ್ದಂತೆ ತೀರ್ಥಹಳ್ಳಿಗೂ ಬೀಳುತ್ತದೆ. ಹಾಗಾಗಿ ಊರಿನಲ್ಲಿ ಅದೇ ಕಂಪನಿಯ ಹಳೆಯ ತಟ್ಟೆ ಮತ್ತು ಎಲ್‌ಎನ್‌ಬಿಯನ್ನು ಖಾಯಂ ಆಗಿ ನಿಲ್ಲಿಸಿಡಿ. ರಜೆಗೆ ಹೊರಡುವಾಗ ಬಾಕ್ಸ್, ಕಾರ್ಡ್, ಅಡಾಪ್ಟರ್, ರಿಮೋಟ್ ನಾಲ್ಕನ್ನೂ ಒಂದು ಚೀಲಕ್ಕೆ ಹಾಕಿಕೊಂಡರೆ ಆಯಿತು. ಅಡಾಪ್ಟರ್ ಮರೆತು ಬಂದವರು ನನ್ನ ಅಂಗಡಿಗೆ ಎಷ್ಟು ಜನ ಬಂದಿದ್ದಾರೋ ಲೆಕ್ಕವಿಲ್ಲ.

ಆದರೆ ಹೊರಡುವ ಮೊದಲು ಗ್ರಾಹಕ ಸೇವೆಗೆ ಕರೆ ಮಾಡಿ ಕೇಳಿ. ಕೊಟ್ಟ ವಿಳಾಸದಲ್ಲೇ ಬಾಕ್ಸ್ ಬಳಸಬೇಕು, ಬೇರೆಡೆಗೆ ಒಯ್ಯುವುದಾದರೆ ತಿಳಿಸಬೇಕು ಎಂಬ ಮಾತು ಷರತ್ತುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಯಂತ್ರ ಒಪ್ಪುತ್ತದೆ ಎಂದ ಮಾತ್ರಕ್ಕೆ ಕರಾರು ಒಪ್ಪಿದಂತಲ್ಲ. ಹಣ ಕೊಟ್ಟು ನೋಡುವವರು ಕೇಳಿಯೇ ಒಯ್ಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಮಾತು, ಬಾಕ್ಸ್ ಊರಿನಲ್ಲಿದ್ದಷ್ಟು ದಿನ ಬೆಂಗಳೂರಿನ ಮನೆಯಲ್ಲಿ ಉಳಿದವರಿಗೆ ಟಿ.ವಿ. ಇರುವುದಿಲ್ಲ. ನಾಲ್ಕೈದು ದಿನದ ಭೇಟಿಗೆ ಫ್ರೀ ಡಿಶ್, ಬೇಸಿಗೆಯ ತಿಂಗಳಿಗೆ ಬಾಕ್ಸ್. ನಿಮ್ಮ ಮನೆಗೆ ನಾನು ಹಾಕಿಕೊಡುವ ಲೆಕ್ಕ ಇದು.

ಈಗ ಹಲಸಿನ ಮರಕ್ಕೆ ಬರುತ್ತೇನೆ.

ಡಿಟಿಎಚ್ ತಟ್ಟೆ ಕಣ್ಣಿಗೆ ಕಾಣುವ ದಿಕ್ಕಿಗೆ ನೋಡುವುದಿಲ್ಲ. ಎಲ್‌ಎನ್‌ಬಿ ತಟ್ಟೆಯ ನಡುವಿಗೆ ನೇರವಾಗಿರದೆ ಕೆಳಗಡೆಯಿಂದ ಚಾಚಿಕೊಂಡಿರುತ್ತದಲ್ಲ, ಆ ರಚನೆಯಿಂದಾಗಿ ತಟ್ಟೆಯ ಮುಖ ಎತ್ತ ತಿರುಗಿದೆಯೋ ಅದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೆ ಅದರ ನೋಟವಿರುತ್ತದೆ. ಅಂಗಳದಲ್ಲಿ ನಿಂತವರಿಗೆ ತಟ್ಟೆ ಮರದ ಎದೆಗೇ ಮುಖ ಮಾಡಿದಂತೆ ತೋರುತ್ತದೆ. ನಿಜವಾಗಿ ಅದು ನೋಡುತ್ತಿರುವುದು ಮರದ ನೆತ್ತಿಗಿಂತ ಎಷ್ಟೋ ಮೇಲಿನ ಆಕಾಶವನ್ನು. ಇದನ್ನು ತಿಳಿಯದೆ ಬಿದ್ದ ಮರಗಳು ನಮ್ಮ ಕಡೆ ಕಡಿಮೆಯಿಲ್ಲ. ನೆನೆದರೆ ಸಂಕಟವಾಗುತ್ತದೆ.

ಲೆಕ್ಕ ಸುಲಭ. ಫ್ರೀ ಡಿಶ್ ಬರುವುದು ಜಿಸ್ಯಾಟ್–15 ಉಪಗ್ರಹದಿಂದ. ಅದು ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ತೀರ್ಥಹಳ್ಳಿಯಿಂದ ನೋಡಿದರೆ ಉತ್ತರದಿಂದ ಪೂರ್ವದ ಮೂಲಕ ಸುಮಾರು 126 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ತುಸು ಪೂರ್ವಕ್ಕೆ. ಹಳೆಯ ಮನೆಗಳಲ್ಲಿ ಅಡುಗೆಮನೆ ಇಡುವ ಮೂಲೆ ಎಂದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ. ಎತ್ತರ ದಿಗಂತದಿಂದ ಸುಮಾರು 63 ಡಿಗ್ರಿ. ಇಷ್ಟು ಎತ್ತರಕ್ಕೆ ನೋಡುವ ತಟ್ಟೆಗೆ ಮರ ಅಡ್ಡ ಬರಬಾರದೆಂದರೆ ಮರದ ಎತ್ತರದ ಅರ್ಧದಷ್ಟು ದೂರದಲ್ಲಿ ತಟ್ಟೆ ಇದ್ದರೆ ಸಾಕು. ತಟ್ಟೆಯ ಮಟ್ಟದಿಂದ 50 ಅಡಿ ಎದ್ದ ಅಡಿಕೆ ಮರದಿಂದ 25 ಅಡಿ ದೂರ. ನಿಮ್ಮ ಹಲಸಿನದಕ್ಕೂ ಇದೇ ಲೆಕ್ಕ, ಕೊಂಬೆಗಳು ಈಚೆಗೆ ಚಾಚಿದ್ದರೆ ಅಳತೆಯನ್ನು ಕೊಂಬೆಯ ತುದಿಯಿಂದ ತೆಗೆದುಕೊಳ್ಳಿ. ಮಾಡಿನ ಮೇಲೆ ಜಾಗವಿಲ್ಲದಿದ್ದರೆ ಅಂಗಳದ ಇನ್ನೊಂದು ತುದಿಯಲ್ಲಿ ಕಬ್ಬಿಣದ ಪೈಪು ನೆಟ್ಟು, ಬುಡಕ್ಕೆ ಕಾಂಕ್ರೀಟು ಹಾಕಿ, ಅಲ್ಲಿಂದ ಕೇಬಲ್ ಎಳೆಯಿರಿ. ದೂರದರ್ಶನದ ಹಳೆಯ ಆಂಟೆನಾದ ಪೈಪು ಇನ್ನೂ ಇದ್ದರೆ ಅದೂ ಆದೀತು, ಅಲುಗಾಡದೆ ನಿಲ್ಲಬೇಕು ಅಷ್ಟೆ.

ನಿಮ್ಮ ಬೆಂಗಳೂರಿನ ಸಂಪರ್ಕ ಯಾವ ಕಂಪನಿಯದೆಂದು ಬರೆದಿಲ್ಲ. ಇದು ಮುಖ್ಯ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಿಮ್ಮ ಊರಿನಿಂದ ಅದು ಹೆಚ್ಚುಕಡಿಮೆ ನೆತ್ತಿಯ ಹತ್ತಿರ, 72 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಏರ್‌ಟೆಲ್‌ನದು 108.2 ಡಿಗ್ರಿಯಲ್ಲಿ, ಪೂರ್ವಕ್ಕೆ ವಾಲಿ 49 ಡಿಗ್ರಿ ಎತ್ತರದಲ್ಲಿದೆ. ಅದಕ್ಕಾದರೆ ಮರದ ಎತ್ತರದಷ್ಟೇ ದೂರ ಬೇಕಾಗುತ್ತದೆ. ಒಂದೇ ಅಂಗಳದಲ್ಲಿ ಒಂದು ಬಂದು ಇನ್ನೊಂದು ಬಾರದಿರುವುದಕ್ಕೆ ಕಾರಣ ಇದೇ.

ಡಿಗ್ರಿಯ ತಲೆಬಿಸಿ ಬೇಡ ಎನ್ನುವವರಿಗೆ ಸೂರ್ಯನೇ ಜಾಗ ತೋರಿಸುತ್ತಾನೆ. ವರ್ಷಕ್ಕೆ ಎರಡು ಸಲ ಸೂರ್ಯ ಈ ಜಿಸ್ಯಾಟ್–15ರ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ನಿಮ್ಮ ಊರಿಗೆ ಮಾರ್ಚ್ ಮಧ್ಯದಲ್ಲಿ ಬೆಳಿಗ್ಗೆ 11 ದಾಟಿ ಹತ್ತು–ಹದಿನೈದು ನಿಮಿಷಕ್ಕೆ, ಸೆಪ್ಟೆಂಬರ್ ಕೊನೆಯಲ್ಲಿ 11ಕ್ಕೆ ಐದು ನಿಮಿಷ ಇರುವಾಗ. ಆ ಹೊತ್ತಿಗೆ ಅಂಗಳಕ್ಕೆ ಹೋಗಿ ಎಲ್ಲಿ ಮರದ ನೆರಳಿಲ್ಲದೆ ನೇರ ಬಿಸಿಲು ಬಿದ್ದಿದೆ ಎಂದು ನೋಡಿ ಗೂಟ ನೆಡಿ. ತಟ್ಟೆಗೆ ಅದೇ ಜಾಗ. ಆ ಕೆಲವು ದಿನ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗಬಹುದು, ಬಾಕ್ಸ್ ಕೆಟ್ಟಿತೆಂದು ಗಾಬರಿಯಾಗಬೇಡಿ.

ಜಾಗ ಆರಿಸುವಾಗ ಇವತ್ತಿನ ಮರವನ್ನಲ್ಲ, ಹತ್ತು ವರ್ಷದ ನಂತರದ ಮರವನ್ನು ನೋಡಿ. ಒಂದು ಮನೆಯಿಂದ ಪದೇ ಪದೇ ಕರೆ ಬರುತ್ತಿತ್ತು. ಮಧ್ಯಾಹ್ನ ಆಗುತ್ತಲೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ರಾತ್ರಿ ಸರಿಯಾಗುತ್ತದೆ. ನಾನು ಬಾಕ್ಸ್ ಬದಲಿಸಿದೆ, ಎಲ್‌ಎನ್‌ಬಿ ಬದಲಿಸಿದೆ, ಕೇಬಲ್ಲನ್ನೇ ಹೊಸದಾಗಿ ಎಳೆದೆ. ಏನೂ ಆಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅವರ ಜಗಲಿಯ ಮೇಲೆ ಮಜ್ಜಿಗೆ ಲೋಟ ಹಿಡಿದು ಸುಮ್ಮನೆ ಕುಳಿತೆ. ಗಾಳಿ ಎದ್ದಿತು. ತೋಟದ ಅಂಚಿನ ಒಂದು ಅಡಿಕೆ ಮರದ ಸೋಗೆ ಅತ್ತ ವಾಲಿದಾಗ ಒಳಗೆ ವಾರ್ತೆ ಓದುವವರ ದನಿ ಕೇಳಿಸುತ್ತಿತ್ತು, ಇತ್ತ ವಾಲಿದಾಗ ನಿಂತುಹೋಗುತ್ತಿತ್ತು. ತಟ್ಟೆ ಹಾಕಿದ ವರ್ಷ ಆ ಮರ ಸೊಂಟದೆತ್ತರದ ಸಸಿ. ತಟ್ಟೆಯನ್ನು ಆರು ಅಡಿ ಪಕ್ಕಕ್ಕೆ ಸರಿಸಿದೆ, ಅಷ್ಟಕ್ಕೇ ಸರಿಹೋಯಿತು. ಮರ ಈಗಲೂ ಫಸಲು ಕೊಡುತ್ತಿದೆ.

ತಿರುಗಿಸುವ ಕೆಲಸವನ್ನು ನೀವೇ ಮಾಡುವುದಾದರೆ ಒಬ್ಬರು ಟಿ.ವಿ. ಮುಂದೆ, ಒಬ್ಬರು ತಟ್ಟೆಯ ಬಳಿ ಇರಬೇಕು. ಬಾಕ್ಸ್‌ನಲ್ಲಿ ಎಲ್‌ಎನ್‌ಬಿ ಆಯ್ಕೆ 9750–10600 ಇರಲಿ. ನಟ್ಟು ಸ್ವಲ್ಪ ಸಡಿಲಿಸಿ ಬೆರಳಗಲದಷ್ಟು ತಿರುಗಿಸಿ, ನಾಲ್ಕೈದು ಸೆಕೆಂಡು ಕಾಯಿರಿ. ಸಂಕೇತ ಹಿಡಿಯಲು ಬಾಕ್ಸಿಗೆ ಅಷ್ಟು ಸಮಯ ಬೇಕು. ತೆರೆಯ ಮೇಲೆ ಬಲ ಮತ್ತು ಗುಣಮಟ್ಟ ಎಂದು ಎರಡು ಪಟ್ಟಿ ಕಾಣುತ್ತವೆ. ನೋಡಬೇಕಾದದ್ದು ಗುಣಮಟ್ಟದ ಪಟ್ಟಿಯನ್ನು. ಕೇಬಲ್ ಜೋಡಿಸಿದರೆ ಸಾಕು, ಬಲದ ಪಟ್ಟಿ ಏರಿಬಿಡುತ್ತದೆ.

ನಿಮ್ಮದು ಆಗುಂಬೆಯ ಸೀಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಜಡಿಮಳೆ ಹಿಡಿದಾಗ ಯಾವ ಕಂಪನಿಯದಾದರೂ ಚಿತ್ರ ಹೋಗುತ್ತದೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ಅಲೆಗಳನ್ನು ಮಳೆನೀರು ಹೀರಿಕೊಳ್ಳುತ್ತದೆ. ಅದಕ್ಕೇ ಅಂಗಡಿಯವರು ಕೊಡುವ 60 ಸೆಂಟಿಮೀಟರಿನ ತಟ್ಟೆಯ ಬದಲು 90ರದನ್ನು ಕೇಳಿ ತನ್ನಿ. ಸಾಧಾರಣ ಮಳೆಗೆ ಅದು ಜಗ್ಗುವುದಿಲ್ಲ. ಕೇಬಲ್ ತುದಿಯ ಪಿನ್ನಿಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಿ. ಗೋಡೆಯ ತೂತಿನ ಮುಂದೆ ಕೇಬಲ್ಲನ್ನು ಒಂದು ಗೇಣು ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಹೋದಾಗಲೆಲ್ಲ ತಟ್ಟೆಯ ಹಾವಸೆ ಒರೆಸಿ, ಎಲ್‌ಎನ್‌ಬಿಯ ಮೂತಿಯಲ್ಲಿ ಕಣಜ ಗೂಡು ಕಟ್ಟಿದೆಯೇ ನೋಡಿ. ಮಂಗ ಜೋತಾಡಿ ತಟ್ಟೆ ತಿರುಗಿಸುವುದೂ ಉಂಟು. ಸರಿಯಾಗಿ ಕೂತ ದಿನವೇ ಹಿಡಿಕೆಯ ಮೇಲೆ ಬಣ್ಣದಿಂದ ಗೆರೆ ಎಳೆದಿಟ್ಟರೆ ಮುಂದಿನ ಸಲ ಆ ಗೆರೆಗೆ ತಂದು ನಿಲ್ಲಿಸಬಹುದು. ಬೀಗ ಹಾಕುವ ದಿನ ಬಾಕ್ಸಿನ ಪ್ಲಗ್ಗನ್ನೂ ತಟ್ಟೆಯಿಂದ ಬರುವ ಕೇಬಲ್ಲನ್ನೂ ಕಳಚಿಡಿ. ಏಪ್ರಿಲ್–ಮೇ ತಿಂಗಳ ಸಿಡಿಲು ಕೇಬಲ್ ಹಿಡಿದು ಬಂದು ಟಿ.ವಿ.ಯನ್ನೇ ಸುಟ್ಟ ಮನೆಗಳನ್ನು ನೋಡಿದ್ದೇನೆ.

ಪ್ರಶ್ನೆ: ಕುಮಟಾದ ಕಡಲ ಬದಿಯಲ್ಲಿ ನಮ್ಮ ರಜೆಯ ಮನೆಯಿದೆ. ಫ್ರೀ ಡಿಶ್ ಇದೆ. ಮೇಲೆ ಒಂದು, ಕೆಳಗೆ ಒಂದು ಟಿ.ವಿ. ಇದೆ. ಎರಡನೆಯದಕ್ಕೆ ಇನ್ನೊಂದು ತಟ್ಟೆ ಬೇಕೆ? – ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಎರಡು ಕಿವಿಯ ಎಲ್‌ಎನ್‌ಬಿ ಹಾಕಿಸಿ, ಪ್ರತಿ ಕಿವಿಯಿಂದ ಒಂದೊಂದು ಕೇಬಲ್ ಎಳೆದು ಒಂದೊಂದು ಬಾಕ್ಸಿಗೆ ಕೊಡಿ. ಒಂದೇ ಕೇಬಲ್ಲನ್ನು ಕವಲೊಡೆಸುವ ಅಗ್ಗದ ಸ್ಪ್ಲಿಟರ್ ತರಬೇಡಿ. ಯಾವ ಅಲೆ ಬೇಕೆಂದು ಎಲ್‌ಎನ್‌ಬಿಗೆ ಹೇಳುವುದು ಬಾಕ್ಸ್. ಎರಡು ಬಾಕ್ಸ್‌ಗಳು ಒಂದಕ್ಕೇ ಬೇರೆ ಬೇರೆ ಹೇಳಿದರೆ ಕೆಳಗೆ ವಾಹಿನಿ ಬದಲಿಸಿದಾಗ ಮೇಲೆ ಚಿತ್ರ ಹೋಗುತ್ತದೆ. ನಿಮ್ಮ ಟಿ.ವಿ. ಇತ್ತೀಚಿನದಾದರೆ ಹಿಂಭಾಗದಲ್ಲಿ ತಿರುಪಿನ ಉಪಗ್ರಹ ಸಾಕೆಟ್ ಇದೆಯೇ ನೋಡಿ. ಇದ್ದರೆ ತಟ್ಟೆಯ ಕೇಬಲ್ಲನ್ನು ನೇರವಾಗಿ ಅಲ್ಲಿಗೇ ಕೊಟ್ಟು ಫ್ರೀ ಡಿಶ್‌ನ ಹಲವು ವಾಹಿನಿಗಳನ್ನು ಬಾಕ್ಸಿಲ್ಲದೆಯೇ ನೋಡಬಹುದು. ಕಡಲಗಾಳಿಯ ಉಪ್ಪಿಗೆ ನಟ್ಟುಗಳು ಎರಡೇ ವರ್ಷದಲ್ಲಿ ಹಿಡಿದುಕೊಳ್ಳುತ್ತವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಗ್ರೀಸ್ ಹಚ್ಚಿಸಿ, ಎಲ್‌ಎನ್‌ಬಿ ಬದಲಿಸಲು ಮಾಡು ಹತ್ತಿದ ದಿನವೇ ಅದನ್ನೂ ಮುಗಿಸಿಬಿಡಿ.