ಹಳೆಯ ಪಂಪ್ ಆಕ್ಷನ್ ಕೋವಿ ಎಷ್ಟು ವರ್ಷದ್ದು ಅಂತ ತಿಳಿಯುವುದು ಹೇಗೆ?

ಕಾಸರಗೋಡಿನ ಬದಿಯಡ್ಕದ ತೋಟದ ಮನೆಯಲ್ಲಿ ಅಜ್ಜನ ಕಾಲದ ಪಂಪ್ ಆಕ್ಷನ್ ಕೋವಿ (ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವಂಥದ್ದು) ಇದೆ, ಅದರ ವಯಸ್ಸು, ಚರಿತ್ರೆ ಬೇಕು ಅಂತ ಕೇಳಿದ್ದೀರಿ. ವಯಸ್ಸು ಸೀರಿಯಲ್ ನಂಬರಿನಿಂದ ಸಿಗುತ್ತದೆ, ಚರಿತ್ರೆ ಲೈಸೆನ್ಸ್ ಕಾಗದದಿಂದ.

ಹಳೆಯ ಕಂಪನಿಗಳು ಒಂದೊಂದು ಮಾಡೆಲಿಗೂ ಸಾಮಾನ್ಯವಾಗಿ ಸಾಲಾಗಿ ನಂಬರ್ ಹಾಕುತ್ತಾ ಹೋಗುತ್ತಿದ್ದವು. ಹಾಗಾಗಿ ಮಾಡೆಲ್ ಮತ್ತು ನಂಬರ್ ಎರಡೂ ಗೊತ್ತಾದರೆ ತಯಾರಾದ ವರ್ಷ ಹತ್ತಿರ ಹತ್ತಿರ ಹೇಳಬಹುದು. ಬರೀ ಮಾಡೆಲ್ ಸಾಲದು. ಹಿಂಬದಿಯಲ್ಲಿ ಕುದುರೆ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆಯಂಥ ಭಾಗ) ಹೊರಗೆ ಕಾಣುವ ವಿಂಚೆಸ್ಟರ್ ಕಂಪನಿಯ 1897 ಮಾಡೆಲ್ ಸಿಕ್ಕಿತು ಅಂತ ಇಟ್ಟುಕೊಳ್ಳಿ, ಅದು 1897ರದ್ದೇ ಆಗಬೇಕಿಲ್ಲ, 1957ರವರೆಗೂ ಅದನ್ನು ಮಾಡುತ್ತಿದ್ದರು! ರೆಮಿಂಗ್ಟನ್ ಕಂಪನಿಯದ್ದಾದರೆ ನಳಿಗೆಯ ಎಡಬದಿಯಲ್ಲಿ, ಬುಡದ ಹತ್ತಿರ, ಸಣ್ಣ ಅಕ್ಷರಗಳಿರುತ್ತವೆ. ಮೊದಲನೆಯದು ತಿಂಗಳು, ಮುಂದಿನದು ವರ್ಷ. ಆದರೆ ನಳಿಗೆ ಬದಲಾಗಿರಬಹುದು ಅಲ್ವಾ, ಅದಕ್ಕೇ ಕೋವಿಯ ಮೈ ಮೇಲಿನ ನಂಬರನ್ನೇ ಜಾಸ್ತಿ ನಂಬಿ. ನೋಡುವ ಮೊದಲು ಒಳಗೆ ತೋಟಾ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

'ನಾಟ್ ಇಂಗ್ಲಿಷ್ ಮೇಕ್' ಅಂತ ಮುದ್ರೆ ಇದ್ದರೆ ಇನ್ನೂ ಒಳ್ಳೆಯದು. ಬೇರೆ ದೇಶದ ಕೋವಿಯನ್ನು ಇಂಗ್ಲೆಂಡಿನಲ್ಲಿ ಪರೀಕ್ಷೆ ಮಾಡಿ 1925ರ ನಂತರ ಹಾಕುತ್ತಿದ್ದ ಮುದ್ರೆ ಅದು, ಅಂದರೆ ಆ ದಾರಿಯಾಗಿ ಬಂದದ್ದು.

ಅಜ್ಜನ ಲೈಸೆನ್ಸ್ ಪುಸ್ತಕ ಹುಡುಕಿ, ಅದರಲ್ಲಿ ನಂಬರ್ ಬರೆದಿರುತ್ತದೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಹಾಗಾಗಿ ಅದಕ್ಕೂ ಹಿಂದಿನ ದಾಖಲೆಯನ್ನು ಮಂಗಳೂರಿನಲ್ಲಿ ವಿಚಾರಿಸಿ. ಲೈಸೆನ್ಸ್ ಈಗ ಯಾರ ಹೆಸರಿನಲ್ಲೂ ಇಲ್ಲದಿದ್ದರೆ ಮೊದಲು ಪೊಲೀಸ್ ಠಾಣೆಗೆ ತಿಳಿಸಿ. ತುಕ್ಕು ತೆಗೆಯಲು ಸುಮ್ನೆ ಮರಳು ಕಾಗದ ಉಜ್ಜಬೇಡಿ, ಅಕ್ಷರ ಹೋದರೆ ಮತ್ತೆ ಬರುವುದಿಲ್ಲ.