ಜ್ವರಕ್ಕೆ ಹಾಕಿದ ಸೂಜಿ

ಮದ್ದೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: "1981ರಲ್ಲಿ ನನ್ನ ತಮ್ಮನಿಗೆ ಜ್ವರ ಬಂದಾಗ ಊರಿನ ವೈದ್ಯರು ಸೊಂಟಕ್ಕೆ ಸೂಜಿ ಹಾಕಿದರು. ಆಮೇಲೆ ಆ ಕಡೆಯ ಕಾಲಿನ ಸ್ವಾಧೀನವೇ ಹೋಯಿತು. ಸೂಜಿಯೇ ಮಗುವಿನ ಕಾಲು ತಿಂದಿತು ಎಂದು ಅವ್ವ ಸಾಯುವವರೆಗೂ ಹೇಳುತ್ತಿದ್ದರು. ಈಗ ನನ್ನ ಸೊಸೆ ಮಗುವಿಗೆ ಪೋಲಿಯೊ ಹನಿಯೂ ಬೇಡ, ಲಸಿಕೆಯೂ ಬೇಡ ಎನ್ನುತ್ತಾಳೆ."

ನಿಮ್ಮ ಅವ್ವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಳ್ಳಿಯ ತಾಯಂದಿರು ಕಣ್ಣಾರೆ ಕಂಡದ್ದನ್ನು ಮೌಢ್ಯವೆಂದು ಬದಿಗೆ ಸರಿಸಿದ ವಿದ್ಯಾವಂತರ ಮೇಲೆ ನನಗೆ ಹಳೆಯ ಸಿಟ್ಟಿದೆ. ಪೋಲಿಯೊ ವೈರಾಣು ಮೈಯಲ್ಲಿರುವಾಗ ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ, ಚುಚ್ಚಿದ ಕೈಯೋ ಕಾಲೋ ಸ್ವಾಧೀನ ತಪ್ಪುವ ಸಂಭವ ಹೆಚ್ಚುತ್ತದೆ. ಗಾಯಗೊಂಡ ಖಂಡದಿಂದ ವೈರಾಣು ನರದ ದಾರಿ ಹಿಡಿದು ಬೆನ್ನುಹುರಿ ಸೇರುತ್ತದೆ. ಮೆಲ್ಬರ್ನಿನ ವೈದ್ಯ ಮೆಕ್‌ಕ್ಲಾಸ್ಕಿ 1950ರಲ್ಲೇ ಇದನ್ನು ಬರೆದರು. ಅವರು ಕಂಡದ್ದು ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡಿದ್ದ ಮಕ್ಕಳನ್ನು. ನಿಮ್ಮ ತಮ್ಮನವರಿಗೆ ಹಾಕಿದ್ದಾದರೋ ಲಸಿಕೆಯಲ್ಲ, ಜ್ವರದ ಮದ್ದು. ಪೋಲಿಯೊ ಶುರುವಾಗುವುದೇ ಜ್ವರದಿಂದ. ಆ ಜ್ವರಕ್ಕೆ ನಮ್ಮ ಕಡೆ ಸೂಜಿಯಲ್ಲದೆ ಬೇರೆ ಮದ್ದೇ ಇರಲಿಲ್ಲವೆಂಬಂತೆ ಚುಚ್ಚಿದರು. ಮಂಡ್ಯ, ಮಳವಳ್ಳಿಯ ಕ್ಲಿನಿಕ್ಕುಗಳ ಮುಂದೆ ಇಂದಿಗೂ ಕೂತು ನೋಡಿ: ಬರೀ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಬೆಲೆಯಿಲ್ಲ.

ಸೊಸೆಯ ಭಯ ಪೂರ್ತಿ ಸುಳ್ಳಲ್ಲ. ಹನಿಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 27 ಲಕ್ಷ ಡೋಸಿಗೆ ಒಂದರಂತೆ ಅದರಿಂದಲೇ ಕೈಕಾಲಿನ ಸ್ವಾಧೀನ ತಪ್ಪುವುದುಂಟು. ಸತ್ತ ವೈರಾಣುವಿನ ಚುಚ್ಚುಮದ್ದು ತನ್ನಿ ಎಂದು ವೆಲ್ಲೂರಿನ ವೈರಾಣು ತಜ್ಞ ಡಾ. ಜೇಕಬ್ ಜಾನ್ ಎಷ್ಟೋ ವರ್ಷ ವಾದಿಸಿದರು. ಸರ್ಕಾರಿ ಲಸಿಕೆ ಪಟ್ಟಿಗೆ ಅದು ಸೇರಿದ್ದು 2015ರ ನವೆಂಬರಿನಲ್ಲಿ! ಶ್ರೀಮಂತ ದೇಶಗಳ ಮಕ್ಕಳಿಗೆ ಮೊದಲೇ ಸಿಕ್ಕಿದ್ದು ನಮ್ಮ ಮಕ್ಕಳಿಗೆ ಏಕಿಷ್ಟು ತಡವಾಯಿತು?

ಆದರೆ ಸ್ವಾಮಿ, ಆ ಹೆಣ್ಣುಮಗಳಿಗೆ ಅರ್ಧ ಕಥೆ ಹೇಳಿದವರು ನೀವೇ ಅಲ್ಲವೆ? ತಮ್ಮನ ಕಾಲು ಕಸಿದದ್ದು ಬಹುಶಃ ಪೋಲಿಯೊ; ಸೂಜಿ ಅದಕ್ಕೆ ದಾರಿ ಮಾಡಿಕೊಟ್ಟಿರಬೇಕು. ಆ ಕಾಡು ವೈರಾಣುವಿನ (ಹನಿಯಲ್ಲಿರುವುದಲ್ಲ, ತಾನಾಗಿ ಹರಡುವ ಮೂಲ ಪೋಲಿಯೊ ವೈರಾಣು) ಕೊನೆಯ ಪ್ರಕರಣ ನಮ್ಮ ದೇಶದಲ್ಲಿ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಅದನ್ನು ಓಡಿಸಿದ್ದು ಇದೇ ಹನಿ. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಕೊಡುವ ಪೋಲಿಯೊ ಚುಚ್ಚುಮದ್ದು ತೋಳಿನ ಚರ್ಮದ ಪದರಕ್ಕೆ, ಖಂಡಕ್ಕಲ್ಲ. ಸತ್ತ ವೈರಾಣು ಯಾರ ಕಾಲನ್ನೂ ತೆಗೆಯಲಾರದು. ಮೊಮ್ಮಗುವಿಗೆ ಎರಡನ್ನೂ ಹಾಕಿಸಿ. ಜ್ವರ ಬಂದಾಗ ಮಾತ್ರ ನೀವಾಗಿ ಸೂಜಿ ಕೇಳಬೇಡಿ.

ನನಗೆ ತಡೆಯಲಾಗದ ಸಂಗತಿ ಇನ್ನೊಂದಿದೆ. ಪ್ರಶ್ನೆ ಕೇಳಿದ ತಾಯಿಗೆ "ಏನೂ ಆಗುವುದಿಲ್ಲ, ಸುಮ್ಮನಿರಮ್ಮ" ಎಂಬ ಉತ್ತರ ಸಿಗುತ್ತದೆ. 27 ಲಕ್ಷಕ್ಕೆ ಒಂದು ಎಂದರೆ ಆಕೆಗೆ ಅರ್ಥವಾಗದೆ? ಬೆಳೆ ಸಾಲದ ಬಡ್ಡಿಯನ್ನು ಬೆರಳಲ್ಲೇ ಎಣಿಸುವವಳು ಅವಳು. ಹದಿನೈದು ವರ್ಷದೊಳಗಿನ ಮಗುವಿನ ಕೈಕಾಲು ಹಠಾತ್ತನೆ ಜೋತುಬಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಿ, ಅದು ಪೋಲಿಯೊ ಹೌದೋ ಅಲ್ಲವೋ ನೋಡಲು ಹದಿನಾಲ್ಕು ದಿನದೊಳಗೆ ಎರಡು ಸಲ ಮಲದ ಮಾದರಿ ತೆಗೆಯಬೇಕು. ಏಕೆ ತೆಗೆದರು, ಏನು ಬಂತು ಎಂಬುದನ್ನು ಹೆತ್ತವರಿಗೆ ಕೂರಿಸಿ ಹೇಳುವಷ್ಟು ವ್ಯವಧಾನ ಎಷ್ಟು ಕಡೆ ಇದೆ? ಅಂಥ ಮನೆಯವರು ನಮ್ಮ ಓದುಗರಲ್ಲಿದ್ದರೆ ಆ ವರದಿಯ ಪ್ರತಿಯನ್ನು ಹಟ ಹಿಡಿದು ಕೇಳಿ ಪಡೆಯಿರಿ. ಕೊಡದಿದ್ದರೆ ನಮಗೆ ಬರೆಯಿರಿ, ಅಚ್ಚು ಹಾಕುತ್ತೇವೆ.

— ಸಂಪಾದಕ